ಮೂವತ್ತೇಳನೆಯ ಸಂಚಿಕೆ

ಬುಧವಾರ ಹೊಸ ಪೆಟ್ಟಿಗೆ ಬರುತ್ತದೆ.
ಮಿಲ್ವಾಕಿಯಲ್ಲಿ ಫೆಬ್ರವರಿ; ಬಾಗಿಲು ತೆಗೆದರೆ
ಗಿರಾಕಿಗಿಂತ ಮೊದಲು ಗಾಳಿ ಒಳನುಗ್ಗಿ
ಎಲ್ಲವನ್ನೂ ಒಂದು ಸಲ ತಿರುವಿಹಾಕಿ ನೋಡುತ್ತದೆ,
ಏನೂ ಕೊಳ್ಳುವುದಿಲ್ಲ.

ನಾನು ವರ್ಲೀನ್. ಪಕ್ಕದ ಲಾಂಡ್ರಿಯ ಬಿಸಿ
ಈ ಗೋಡೆಗೂ ಹಾಯುವುದರಿಂದ
ಬಾಡಿಗೆ ಜಾಸ್ತಿ, ಕಾಗದಕ್ಕೆ ಕ್ಷೇಮ.
ಇಪ್ಪತ್ತಾರು ವರ್ಷದಿಂದ ಒಂದೇ ಪ್ರಶ್ನೆ:
ಎಲ್ಲಿಂದ ಶುರು ಮಾಡಲಿ?

ಒಂದನೇ ಸಂಚಿಕೆಯಿಂದ ಬೇಡ, ಮಗು.
ಅದರಲ್ಲಿ ಬರೀ ಹುಟ್ಟು: ಮಿಂಚು, ಪ್ರಯೋಗಶಾಲೆ,
ಸತ್ತ ಅಪ್ಪ, ಬಿಗಿ ಚಡ್ಡಿ.
ತೊಟ್ಟಿಲಲ್ಲಿ ನೋಡಿ ಯಾರಾದರೂ ಗೆಳೆತನ ಮಾಡುತ್ತಾರೆಯೇ?
ಹನ್ನೆರಡಕ್ಕೆ ಹೋಗು. ಅಲ್ಲಿ ಹಿತ್ತಾಳೆ ಗುಬ್ಬಿ
ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ,
ಜೊತೆಗೆ ಅವಳನ್ನು ಕೊಲ್ಲಬಂದವನು,
ಮತ್ತೊಬ್ಬಳು ತುಂಬು ಬಸುರಿ.
ಇಪ್ಪತ್ತೆರಡು ಪುಟ. ಒಂದು ಗುದ್ದೂ ಇಲ್ಲ.
ಕೊನೆಗೆ ಹೊಕ್ಕುಳಬಳ್ಳಿ ಕಟ್ಟಲು
ಕೊಲೆಗಡುಕನೇ ತನ್ನ ಶೂ ಲೇಸು ಬಿಚ್ಚಿಕೊಡುತ್ತಾನೆ.

ಅದು ಹಿಡಿಸದಿದ್ದರೆ ಇರುಳಂಬಿಗ, ಐದರಿಂದ ಒಂಬತ್ತು.
ಶಾಯಿ ಕಂಪನಿಯಲ್ಲಿ ಮುಷ್ಕರ ನಡೆದ ವರ್ಷ; ನೀಲಿ ಸಿಗಲಿಲ್ಲ,
ಇಡೀ ಕಡಲನ್ನು ಹಸಿರಿನಲ್ಲೇ ದಾಟಿಸಿದರು.
ಸಂಗ್ರಹಿಸುವವರು ಅದನ್ನು ತಪ್ಪು ಅನ್ನುತ್ತಾರೆ.
ನಾನು ಸರೋವರದ ದಂಡೆಯಲ್ಲಿ ಬೆಳೆದವಳು,
ಮಾರ್ಚಿನಲ್ಲಿ ನೀರು ಹಾಗೇ ಇರುತ್ತದೆ.

ಹಳೇ ಹುಲಿಗಳಿಗೆ ಹೇಳುವುದು ಕಷ್ಟ.
ಅವರಿಗೆ ಬೇಕಾದದ್ದು ಸಲಹೆಯಲ್ಲ, ಸಾಕ್ಷಿ:
ಹೌದು ಕ್ಯಾಸಿಮಿರ್, ಆಗಿನ ಕಾಗದದ ವಾಸನೆಯೇ ಬೇರೆ,
ಹೌದು, ಈಗಿನವರಿಗೆ ಬೆರಳು ಬರೆಯಲು ಬರುವುದಿಲ್ಲ,
ಬರೀ ಮುಷ್ಟಿ.

ಕ್ಯಾಸಿಮಿರ್ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ.
ಗುಬ್ಬಿಯ ಇನ್ನೂರು ಚಿಲ್ಲರೆ ಸಂಚಿಕೆಯೂ ಅವನ ಹತ್ತಿರ ಇವೆ,
ಮೂವತ್ತೇಳು ಬಿಟ್ಟು.
ಅಪರೂಪದ್ದೇನಲ್ಲ ಅದು. ಇಪ್ಪತ್ತೈದು ಸೆಂಟಿನ ಡಬ್ಬದಲ್ಲಿ
ಯಾವಾಗಲೂ ಎರಡು ಮೂರು ಬಿದ್ದಿರುತ್ತವೆ.
ಅದರಲ್ಲಿ ಗುಬ್ಬಿ ತಡವಾಗಿ ಬರುತ್ತಾಳೆ,
ಸೇತುವೆಯಿಂದ ಬಸ್ಸು ಬೀಳುತ್ತದೆ.
ನಾನು ಯಾವತ್ತೂ ಅದನ್ನು ಅವನತ್ತ ತಳ್ಳಿದವಳಲ್ಲ.
ಅಂಗಡಿ ಇಟ್ಟವಳಿಗೆ
ಏನನ್ನು ಮಾರಬಾರದೆಂದೂ ಗೊತ್ತಿರಬೇಕು.

ಆ ಬುಧವಾರ ಡಬ್ಬದೆದುರು ಕುಕ್ಕರಗಾಲಿನಲ್ಲಿ ಕೂತಿದ್ದವಳು
ಪಾಹುವಾ, ಲಾಂಡ್ರಿಯವಳ ಮಗಳು, ಹನ್ನೊಂದು ವರ್ಷ.
ಬಟ್ಟೆ ಒಣಗುವ ನಲವತ್ತು ನಿಮಿಷದಲ್ಲಿ ಓದಿದಷ್ಟನ್ನು
ಚಾದರ ಮಡಚುತ್ತ ಅಜ್ಜಿಗೆ
ಹ್ಮಾಂಗ್ ಮಾತಿನಲ್ಲಿ ಹೇಳುವವಳು.
ಕೈಯಲ್ಲಿದ್ದದ್ದು ಅದೇ.

"ಈ ಡ್ರೈವರ್ ಹೆಸರೇನು?"
ಕೇಳಿದ್ದು ನಮ್ಮನ್ನಲ್ಲ, ಚಾವಣಿಯನ್ನು.
"ಅಜ್ಜಿ ಕೇಳುತ್ತಾಳೆ. ಹೆಸರಿಲ್ಲದವರು ಸತ್ತರೆ
ಕಥೆ ಮುಂದಕ್ಕೆ ಹೋಗಲು ಬಿಡುವುದಿಲ್ಲ."

ಎಷ್ಟು ಪ್ರತಿ ಮಾರಿದ್ದೇನೆ ನಾನು. ಗೊತ್ತಿರಲಿಲ್ಲ.

ಕ್ಯಾಸಿಮಿರ್ ಕೈಗವಸು ಕಳಚಿದ. ಒಂದು.
ಆಮೇಲೆ ಇನ್ನೊಂದು.
ಹಣೆಯ ಮೇಲಿನ ಕನ್ನಡಕ ಮೂಗಿಗಿಳಿಸಿ
ಮೊಣಕಾಲು ಲಟಕ್ಕೆನ್ನಿಸುತ್ತ ಹುಡುಗಿಯ ಪಕ್ಕ ಕೂತ.
"ಅಂಗಿಯ ಮೇಲೆ ಬಿಲ್ಲೆ ಇರುತ್ತದೆ. ಇರಲೇಬೇಕು.
ಬಿಲ್ಲೆ ಇಲ್ಲದೆ ಡಿಪೋದಿಂದ ಬಿಡುವುದಿಲ್ಲ."

ಬೀಳುವ ಬಸ್ಸಿನ ಚೌಕದಲ್ಲಿ, ಉಗುರಿನಷ್ಟು ಕಿಟಕಿಯಲ್ಲಿ,
ಚುಕ್ಕಿ ಚುಕ್ಕಿ ಕೆಂಪಿನ ನಡುವೆ ಮೂರು ಗೀಟು.
ಅವನಿಗೆ ಅದು ರಾಯ್ ಎಂದು ಕಂಡಿತು. ಅವಳಿಗೆ ರೇ.
ಭೂತಗನ್ನಡಿ ತಂದು ನೋಡಿದೆ.
ನನಗೆ ಕಂಡದ್ದು ಶಾಯಿ ಒಡೆದ ಕಲೆ.
ಹೇಳಲಿಲ್ಲ.

ಅಲ್ಲಿಂದ ಹಿಂದಕ್ಕೆ ಓದಿದರು.
ಎರಡನೇ ಪುಟದಲ್ಲಿ ಅವನು ಬಾಗಿಲು ತೆರೆದಿಟ್ಟು
ದೂರದಿಂದ ಓಡಿಬರುವ ಒಬ್ಬಳಿಗಾಗಿ ಕಾಯುತ್ತಿದ್ದಾನೆ,
ಒಂದು ಕೈಯಲ್ಲಿ ಅವಳ ಚಿಲ್ಲರೆ ಹಿಡಿದಾಗಿದೆ ಎಂಬಂತೆ.
"ನಾನೂ ಕಾಯುತ್ತಿದ್ದೆ," ಎಂದ ಕ್ಯಾಸಿಮಿರ್.

ಡಬ್ಬದಲ್ಲಿ ಇನ್ನೊಂದು ಪ್ರತಿ ಇತ್ತು.
ತೆಗೆದು ಗಲ್ಲಾದ ಪಕ್ಕ ಇಟ್ಟೆ,
ಯಾರತ್ತಲೂ ತಳ್ಳದೆ.
ಗೋಡೆಯಾಚೆ ಒಣಗಿಸುವ ಯಂತ್ರ ಗಂಟೆ ಹೊಡೆಯಿತು.
ಇಬ್ಬರೂ ಏಳಲಿಲ್ಲ.